ಕೂಸು ಹುಟ್ಟುವ ಮೊದಲೇ ಕುಲಾವಿಯ ಲೆಕ್ಕ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬುದು ಕನ್ನಡದಲ್ಲಿ ಆತುರಗಾರರನ್ನು ಛೇಡಿಸುವ ಮಾತು. ಅದರ ಹಿಂದೆ ಒಂದು ಅಂಜಿಕೆಯೂ ಇದೆ. ಬಾರದ ಜೀವದ ಹೆಸರಲ್ಲಿ ಏನನ್ನೂ ಕೊಳ್ಳಬಾರದು, ತೊಟ್ಟಿಲು ಕಟ್ಟಬಾರದು ಎನ್ನುವ ಮನೆಗಳು ಇಂದಿಗೂ ಇವೆ. ಹಳ್ಳಿಯ ಸೂಲಗಿತ್ತಿಗೆ ಸಲ್ಲುವುದೂ ಹೆರಿಗೆಯಾದ ಮೇಲೆಯೇ: ಒಂದಿಷ್ಟು ಕಾಳು, ಸೀರೆ, ಕುಬಸ, ಎಲೆ ಅಡಿಕೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಹಣ ಕೇಳಿದವರಲ್ಲ. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಠಾಣೆ ಖಾಡಿಯ ಆಚೆ ದಡದ ಕಳವಾದಲ್ಲಿ ಈ ಗಾದೆ ತಿರುಗುಮುರುಗಾಗುತ್ತದೆ. ಅಲ್ಲಿ ಕುಲಾವಿಯ ಲೆಕ್ಕ ಮೊದಲು, ಕೂಸು ಆಮೇಲೆ. ಬಸುರಿ ನಿಂತ ಕೆಲವೇ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಹೆಸರು ಹಾಕಿಸಬೇಕು. ಮರಾಠಿಯಲ್ಲಿ ಇದು ‘ನಾವ್ ಘಾಲಣೆ’. ವೈದ್ಯರ ಬಾಯಲ್ಲಿ ಹೆಸರು ಹಾಕಿಸಿದವಳು ‘ಬುಕ್ಡ್’, ನೋವು ಬಂದ ಮೇಲೆ ಓಡಿ ಬಂದವಳು ‘ಅನ್‌ಬುಕ್ಡ್’. ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ಇರುವುದು ಕಳವಾದಲ್ಲೇ. ಮುಂಬ್ರಾ, ದಿವಾ, ಭಿವಂಡಿಯ ಬಡವರು ಬಂದು ಸೇರುವುದು ಅಲ್ಲಿಗೇ. ಅಲ್ಲಿ ಹೆಸರು ಹಾಕಿಸಿದರೆ ಸಾಕು. ಖಾಸಗಿ ನರ್ಸಿಂಗ್ ಹೋಮಿನಲ್ಲಾದರೆ ಹೆಸರಿನ ಜತೆ ಮುಂಗಡವೂ ಬೇಕಾಗಬಹುದು. ಸಹಜ ಹೆರಿಗೆಗೆ ಇಷ್ಟು, ಸಿಸೇರಿಯನ್ ಆದರೆ ಇಷ್ಟು, ಉಳಿದದ್ದು ಆಮೇಲೆ.

ಹೆರಿಗೆಗೆ ಮುಂಚೆ ಹಣ ಯಾರ ಕೈಯಿಂದ ಯಾರ ಕೈಗೆ ಹೋಗಬೇಕು ಎಂಬ ಪ್ರಶ್ನೆಗೆ ಮುಂಬೈ ಪ್ರಾಂತದಲ್ಲಿ ನೂರು ವರ್ಷದ ಇತಿಹಾಸವಿದೆ. ಮೊದಲು ಎದ್ದ ಪ್ರಶ್ನೆ ತಾಯಿ ಎಷ್ಟು ಕೊಡಬೇಕು ಎಂಬುದಲ್ಲ, ತಾಯಿಗೆ ಎಷ್ಟು ಕೊಡಬೇಕು ಎಂಬುದು.

1920ರ ದಶಕದಲ್ಲಿ ಮುಂಬೈಯ ಬಟ್ಟೆ ಗಿರಣಿಗಳ ಕೆಲಸಗಾರರಲ್ಲಿ ಸುಮಾರು ಐದನೇ ಒಂದು ಪಾಲು ಹೆಂಗಸರು. ಅವರ ಸ್ಥಿತಿ ನೋಡಿ ವರದಿ ಮಾಡಲು ಸರಕಾರ ಡಾ. ಫ್ಲಾರೆನ್ಸ್ ಬಾರ್ನ್ಸ್ ಎಂಬ ವೈದ್ಯೆಯನ್ನು ನೇಮಿಸಿತು. ಒಂದೇ ಕೋಣೆಯ ಚಾಳು, ಹೆರಿಗೆಯ ದಿನಗಳ ಹತ್ತಿರದವರೆಗೂ ದುಡಿಮೆ: ಇವೆಲ್ಲ ಸರಕಾರದ ಕಡತಕ್ಕೆ ಬಂದವು. 1921ರ ಅಧಿಕೃತ ಲೆಕ್ಕದಂತೆ ನಗರದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 600ಕ್ಕೂ ಹೆಚ್ಚು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಅನೇಕ ಹೆಂಗಸರು ಹೆರಿಗೆಗೆ ಊರಿಗೆ ಹೋಗುತ್ತಿದ್ದುದರಿಂದ ಜನನಗಳ ಲೆಕ್ಕ ಪೂರ್ತಿ ಸಿಗುತ್ತಿರಲಿಲ್ಲ, ಹಾಗಾಗಿ ಈ ಅಂಕಿ ಸ್ವಲ್ಪ ಉಬ್ಬಿರಬಹುದು. ಉಬ್ಬನ್ನು ಕಳೆದರೂ ಉಳಿಯುವುದು ಭಯಂಕರವೇ. ಕೆಲಸ ಬಿಟ್ಟರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಸಾಲ. ಆ ಕಾಲದ ಕಾರ್ಮಿಕರ ಸಾಲಕ್ಕೆ ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಸಾಮಾನ್ಯವಾಗಿತ್ತು. ವರ್ಷಕ್ಕೆ ಶೇಕಡಾ 75. ಪರೇಲಿನಲ್ಲಿ 1926ರಲ್ಲಿ ನವರೋಜಿ ವಾಡಿಯಾ ಹೆರಿಗೆ ಆಸ್ಪತ್ರೆ ಶುರುವಾಯಿತು. ಹಾಸಿಗೆ ಸಿಕ್ಕಿತು, ಆದರೆ ಹಾಸಿಗೆಯಲ್ಲಿ ಮಲಗಿದ ದಿನಗಳ ಕೂಲಿ ಎಲ್ಲಿಂದ ಬರಬೇಕು?

ಕಾರ್ಮಿಕ ನಾಯಕ ಎನ್. ಎಂ. ಜೋಶಿ 1924ರಲ್ಲಿ ಕೇಂದ್ರ ಶಾಸನಸಭೆಗೆ ತಂದ ಮಸೂದೆ ಬಿದ್ದುಹೋಯಿತು. 1928ರ ಜುಲೈನಲ್ಲಿ ಅದೇ ವಿಷಯ ಮುಂಬೈ ಶಾಸನ ಪರಿಷತ್ತಿಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಬೆಂಬಲಿಸಿ ಮಾತಾಡಿದರು. ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಹೊರೆಯ ದೊಡ್ಡ ಪಾಲು ಸರಕಾರದ್ದಾಗಬೇಕು, ಹಾಗೆಂದು ದುಡಿಸಿಕೊಳ್ಳುವ ಮಾಲೀಕ ಪೂರ್ತಿ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಅವರ ವಾದ. 1929ರಲ್ಲಿ ಮುಂಬೈ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ದೇಶದಲ್ಲಿ ಇಂಥದ್ದು ಇದೇ ಮೊದಲು. ಮುಂಬೈ ನಗರದಲ್ಲಿ ದಿನಕ್ಕೆ 8 ಆಣೆ. ಮೈಸೂರು ಸಂಸ್ಥಾನದಲ್ಲಿ ಇದೇ ಬಗೆಯ ಕಾಯ್ದೆ ಬಂದದ್ದು 1937ರಲ್ಲಿ. ಸರಕಾರದ ಪಾಲಿನ ಮಾತು ಮಾತಾಗಿಯೇ ಉಳಿದು, ಹಣ ಕೊಡಬೇಕಾದವನು ಮಾಲೀಕನೊಬ್ಬನೇ ಆದ. ಮುಂದಿನ ದಶಕಗಳಲ್ಲಿ ಗಿರಣಿಗಳಲ್ಲಿ ಹೆಂಗಸರ ಸಂಖ್ಯೆ ಇಳಿಯುತ್ತ ಹೋದದ್ದಕ್ಕೆ ಹಲವು ಕಾರಣಗಳಿದ್ದವು, ಈ ಖರ್ಚಿನ ಭಯವೂ ಅವುಗಳಲ್ಲಿ ಒಂದು.

ಇಡೀ ದೇಶಕ್ಕೆ ಅನ್ವಯವಾಗುವ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. ಅದರ ಆರನೆಯ ಸೆಕ್ಷನ್‌ನಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಒಂದು ಸಾಲಿತ್ತು. ಬಸುರಿ ಎಂಬ ಪುರಾವೆ ಕೊಟ್ಟರೆ, ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮಾಲೀಕ ಮುಂಗಡವಾಗಿಯೇ ಕೊಡಬೇಕು. ಉಳಿದದ್ದನ್ನು ಕೂಸು ಹುಟ್ಟಿದ ಪುರಾವೆ ಕೈಸೇರಿದ 48 ಗಂಟೆಯೊಳಗೆ ಕೊಡಬೇಕು. ಅಂದರೆ ಕಾಯ್ದೆಗೂ ಗೊತ್ತಿತ್ತು, ಖರ್ಚು ಕೂಸಿಗಿಂತ ಮೊದಲು ಬರುತ್ತದೆ ಎಂದು. ಮಾಲೀಕ ಉಚಿತ ಆರೈಕೆಯ ವ್ಯವಸ್ಥೆ ಮಾಡದಿದ್ದರೆ 25 ರೂಪಾಯಿ ವೈದ್ಯಕೀಯ ಬೋನಸ್ ಎಂದೂ ಬರೆಯಿತು. 1988ರ ತಿದ್ದುಪಡಿಯಲ್ಲಿ ಅದು 250 ಆಯಿತು, 2011ರ ಕೊನೆಗೆ 3,500. ಇವತ್ತು ಒಂದು ಖಾಸಗಿ ಹೆರಿಗೆಯ ಬಿಲ್ಲಿನ ಪಕ್ಕದಲ್ಲಿ ಈ ಅಂಕಿಯನ್ನಿಟ್ಟರೆ ಅದು ಎಷ್ಟು ಹಿಂದೆ ಉಳಿದಿದೆ ಎಂದು ಯಾರೂ ಹೇಳಬೇಕಿಲ್ಲ.

ಇದಕ್ಕಿಂತ ಬೇರೆ ಬಗೆಯ ಮುಂಗಡ ಇಎಸ್‌ಐಯದು. 1948ರ ಕಾಯ್ದೆ, 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭ. ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದವರಿಂದ ಶೇಕಡಾ 0.75, ಮಾಲೀಕರಿಂದ ಶೇಕಡಾ 3.25. ಇಲ್ಲಿಯೂ ಹಣ ಕೂಸಿಗಿಂತ ಮೊದಲೇ ಹೋಗುತ್ತದೆ, ಆದರೆ ಹೆರುವವಳೊಬ್ಬಳ ಗಂಟಿನಿಂದಲ್ಲ. ಎಂದೂ ಹೆರದ ಗಂಡಸರ ಸಂಬಳದಿಂದಲೂ ಹೋಗುತ್ತದೆ. ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ಕಾಯಂ ಕೆಲಸ ಸಿಕ್ಕವರ ಮನೆಗಳಿಗೆ ಈ ಆಸರೆ ದೊರೆಯಿತು. ವಿಜಯಪುರ, ಕಲಬುರಗಿ ಕಡೆಯಿಂದ ಗುಳೆ ಬಂದು ಕಟ್ಟಡಗಳಲ್ಲಿ ಮಣ್ಣು ಹೊರುವವಳಿಗೆ, ನಾಲ್ಕು ಮನೆ ಪಾತ್ರೆ ತೊಳೆಯುವವಳಿಗೆ ಸಾಮಾನ್ಯವಾಗಿ ಇಎಸ್‌ಐ ಕಾರ್ಡಿಲ್ಲ, ಪುರಾವೆ ತೋರಿಸಿ ಮುಂಗಡ ಕೇಳುವುದಕ್ಕೆ ಒಬ್ಬ ಮಾಲೀಕನೂ ಇಲ್ಲ.

ಅಂಥವರಿಗಾಗಿ 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. 2011ರ ಜೂನ್‌ನಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರಕಾರಿ ಆಸ್ಪತ್ರೆಯ ಹೆರಿಗೆಯನ್ನು, ಸಿಸೇರಿಯನ್ ಸೇರಿ, ಉಚಿತ ಎಂದಿತು. 2013ರ ಆಹಾರ ಭದ್ರತಾ ಕಾಯ್ದೆ ಬಸುರಿಗೆ ಕಡಿಮೆಯೆಂದರೂ 6,000 ರೂಪಾಯಿ ಎಂದು ಬರೆಯಿತು. 2017ರ ಮಾತೃವಂದನಾ ಯೋಜನೆ ಕೊಟ್ಟದ್ದು 5,000, ಅದೂ ಮೊದಲ ಕೂಸಿಗೆ, ಕಂತಿನಲ್ಲಿ. ಚೊಚ್ಚಲು ತವರಿನಲ್ಲಿ ಎಂಬುದು ನಮ್ಮ ರೂಢಿ. ಕಳವಾದಲ್ಲಿ ಹೆಸರು ಹಾಕಿಸಿ ಇಂಡಿಯ ತವರಿಗೆ ಹೋದವಳ ಕಾಗದಪತ್ರ ಎರಡು ರಾಜ್ಯಗಳ ನಡುವೆ ಹಂಚಿಹೋಗುತ್ತದೆ. ತಾಯಿ ಕಾರ್ಡ್ ಒಂದು ಕಡೆ, ಬ್ಯಾಂಕ್ ಖಾತೆ ಇನ್ನೊಂದು ಕಡೆ.

ಆಸ್ಪತ್ರೆಯವರಿಗೂ ಅವರದೇ ಲೆಕ್ಕವಿದೆ. ಹೆರಿಗೆ ಯಾವ ಗಳಿಗೆಯಲ್ಲಿ ಶಸ್ತ್ರಕ್ರಿಯೆಗೆ ತಿರುಗುತ್ತದೋ, ಕೂಸಿಗೆ ಐಸಿಯು ಬೇಕಾಗುತ್ತದೋ ಹೇಳಲಾಗದು. ಸಣ್ಣ ನರ್ಸಿಂಗ್ ಹೋಮಿಗೆ ಬಾರದ ಬಿಲ್ಲು ದೊಡ್ಡ ಪೆಟ್ಟು. ಆದರೆ 2025ರ ಮಾರ್ಚಿನಲ್ಲಿ ಪುಣೆಯಲ್ಲಿ ಆದದ್ದು ಈ ಲೆಕ್ಕದ ಇನ್ನೊಂದು ಮುಖ ತೋರಿಸಿತು. ಅವಳಿ ಕೂಸುಗಳ ಬಸುರಿಯನ್ನು ಸೇರಿಸಿಕೊಳ್ಳಲು ಒಂದು ದೊಡ್ಡ ಧರ್ಮಾರ್ಥ ಆಸ್ಪತ್ರೆ 10 ಲಕ್ಷ ಠೇವಣಿ ಕೇಳಿತು ಎಂದು ಮನೆಯವರು ಆರೋಪಿಸಿದರು. ಆಕೆ ಬೇರೆಡೆ ಹೆತ್ತು, ಆಮೇಲೆ ತೀರಿಕೊಂಡಳು. ಜನ ಬೀದಿಗಿಳಿದ ನಂತರ, ತುರ್ತು ಮತ್ತು ಹೆರಿಗೆ ವಿಭಾಗಗಳಲ್ಲಿ ಇನ್ನು ಠೇವಣಿ ಕೇಳುವುದಿಲ್ಲ ಎಂದು ಆ ಆಸ್ಪತ್ರೆ ಸಾರಿತು. ಕರ್ನಾಟಕದಲ್ಲಿ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಂದ ತಿದ್ದುಪಡಿಯೂ, ತುರ್ತು ಸಂದರ್ಭದಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯಬಾರದು ಎನ್ನುತ್ತದೆ. ಆ ಮಸೂದೆಯನ್ನು ವಿರೋಧಿಸಿ ಖಾಸಗಿ ವೈದ್ಯರು ನವೆಂಬರಿನಲ್ಲಿ ಮುಷ್ಕರ ಹೂಡಿದ್ದರು.

ತೊಡಕಿರುವುದು ‘ತುರ್ತು’ ಎಂಬ ಮಾತಿನಲ್ಲೇ. ಅಪಘಾತ ಹೇಳಿ ಬರುವುದಿಲ್ಲ, ಹೆರಿಗೆಗೆ ದಿನ ಗುರುತಾಗಿರುತ್ತದೆ. ಒಂಬತ್ತು ತಿಂಗಳಿತ್ತಲ್ಲ, ಹಣ ಯಾಕೆ ಕೂಡಿಸಿಡಲಿಲ್ಲ ಎಂದು ಕೌಂಟರಿನವರು ಕೇಳಬಹುದು. ಆ ಒಂಬತ್ತು ತಿಂಗಳಲ್ಲೇ ಅವಳ ಕೂಲಿ ನಿಲ್ಲುತ್ತದೆ ಎಂಬುದು ಮುಂಬೈ ಪರಿಷತ್ತಿನಲ್ಲಿ 1928ರಲ್ಲೇ ಚರ್ಚೆಯಾಗಿತ್ತು. ಕುಲಾವಿಗೆ ಬಟ್ಟೆ ಮೊದಲೇ ಬೇಕು ಎಂದು ಅಂದೇ ಒಪ್ಪಿದ್ದಾಯಿತು. ಬಟ್ಟೆಗೆ ಹಣ ಯಾರು ಕೊಡಬೇಕು ಎಂಬುದನ್ನು ಕಳವಾದ ಹೆಂಗಸರು ಈಗಲೂ ಏಳನೆಯ ತಿಂಗಳಲ್ಲಿ, ಹೆಚ್ಚಾಗಿ ಸಾಲ ತಂದು, ತಾವೇ ಬಗೆಹರಿಸಿಕೊಳ್ಳುತ್ತಿದ್ದಾರೆ.