ಕರೆಂಟ್ ಹೋದರೂ ಸಿಸಿಟಿವಿ ನಿಲ್ಲಬಾರದು: ಅಂಗಡಿಯವರು ತಿಳಿದಿರಬೇಕಾದ ಬ್ಯಾಕಪ್ ಲೆಕ್ಕ

ಅಂಗಡಿಗೆ ನಾಲ್ಕು ಕ್ಯಾಮೆರಾ ಹಾಕಿಸಿ, ಮೊಬೈಲ್‌ನಲ್ಲಿ ದೃಶ್ಯ ಕಂಡರೆ ಸಾಕು, ಇನ್ನು ಚಿಂತೆ ಇಲ್ಲ ಅಂದುಕೊಳ್ಳುವವರೇ ಹೆಚ್ಚು. ಆದರೆ ಬ್ಯಾಕಪ್ ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣವೇ ಆ ನಾಲ್ಕೂ ಕಣ್ಣು ಮುಚ್ಚುತ್ತವೆ. ಎಷ್ಟೋ ಅಂಗಡಿಗಳಲ್ಲಿ ಮೀಟರ್ ಬೋರ್ಡ್, ಫ್ಯೂಸ್ ಇರುವುದೇ ಹೊರಗಿನ ಗೋಡೆಯಲ್ಲಿ. ಕಳ್ಳ ಕ್ಯಾಮೆರಾ ಒಡೆಯಬೇಕಿಲ್ಲ, ಫ್ಯೂಸ್ ಕಿತ್ತರೆ ಸಾಕು.

ಯಾವುದಕ್ಕೆಲ್ಲ ಬ್ಯಾಕಪ್ ಬೇಕು?

ಕ್ಯಾಮೆರಾಗೆ ಮಾತ್ರ ಕರೆಂಟ್ ಇದ್ದು ಡಿವಿಆರ್ ಆಫ್ ಆದರೆ ರೆಕಾರ್ಡಿಂಗ್ ಆಗಲ್ಲ. ಡಿವಿಆರ್ ಓಡುತ್ತಿದ್ದು ರೂಟರ್ ಆಫ್ ಆದರೆ ಮನೆಯಲ್ಲಿರುವ ಮಾಲೀಕರ ಮೊಬೈಲ್‌ಗೆ ಅಲರ್ಟ್ ಬರಲ್ಲ. ಹಾಗಾಗಿ ಕ್ಯಾಮೆರಾಗಳ ಪವರ್ ಸಪ್ಲೈ, ಡಿವಿಆರ್, ರೂಟರ್ ಮೂರೂ ಒಂದೇ ಬ್ಯಾಕಪ್ ಲೈನ್‌ನಲ್ಲಿರಬೇಕು. ಐಪಿ ಕ್ಯಾಮೆರಾ ಇದ್ದಲ್ಲಿ ಅದರ ಪಿಒಇ ಸ್ವಿಚ್ ಕೂಡ ಇದೇ ಲೈನ್‌ಗೆ ಸೇರಬೇಕು. ಟಿವಿ ಅಥವಾ ಮಾನಿಟರ್‌ಗೆ ಬ್ಯಾಕಪ್ ಬೇಡ. ಅದು ಆಫ್ ಇದ್ದರೂ ರೆಕಾರ್ಡಿಂಗ್ ನಡೆಯುತ್ತದೆ.

ಲೆಕ್ಕ ಹಾಕುವುದು ಹೇಗೆ?

ರಾತ್ರಿ ಹೊತ್ತು ಇನ್‌ಫ್ರಾರೆಡ್ ದೀಪ ಉರಿಯುವಾಗ ಸಾಧಾರಣ ಕ್ಯಾಮೆರಾ ಒಂದಕ್ಕೆ ಸುಮಾರು 5 ವ್ಯಾಟ್ ಬೇಕು. ನಾಲ್ಕಕ್ಕೆ 20, ಡಿವಿಆರ್ ಮತ್ತು ಹಾರ್ಡ್ ಡಿಸ್ಕ್‌ಗೆ 15, ರೂಟರ್‌ಗೆ 10 ಅಂತ ಇಟ್ಟುಕೊಂಡರೆ ಒಟ್ಟು 45 ವ್ಯಾಟ್.

ಕಂಪ್ಯೂಟರ್‌ಗೆ ಬಳಸುವ ಸಣ್ಣ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಬ್ಯಾಟರಿ ಇರುತ್ತದೆ. 12ನ್ನು 7ರಿಂದ ಗುಣಿಸಿದರೆ 84 ವ್ಯಾಟ್-ಅವರ್. ನಷ್ಟ ಕಳೆದು ಕೈಗೆ ಸಿಗುವುದು 50ರ ಆಸುಪಾಸು. ಅಂದರೆ 45 ವ್ಯಾಟ್ ಲೋಡಿಗೆ ಬರೀ ಒಂದು ಗಂಟೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಇದು ಯಾವ ಮೂಲೆಗೂ ಸಾಲಲ್ಲ.

150 ಎಎಚ್ ಇನ್ವರ್ಟರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ನಷ್ಟ ಕಳೆದರೂ, ಬ್ಯಾಟರಿ ಚೆನ್ನಾಗಿದ್ದು ಇಷ್ಟೇ ಲೋಡ್ ಇದ್ದರೆ ಇಡೀ ರಾತ್ರಿ ಆರಾಮಾಗಿ ಓಡುತ್ತದೆ. ಅದೇ ಇನ್ವರ್ಟರ್‌ಗೆ ಫ್ಯಾನ್, ಬೋರ್ಡ್ ಲೈಟ್ ಎಲ್ಲ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಬಾಗಿಲು ಹಾಕುವಾಗ ಅವನ್ನು ಆಫ್ ಮಾಡುವುದು ಮುಖ್ಯ.

ಈ ತಪ್ಪುಗಳು ಬೇಡ

* ಸಂಜೆ ಅಂಗಡಿ ಮುಚ್ಚುವಾಗ ಇನ್ವರ್ಟರನ್ನೇ ಆಫ್ ಮಾಡಿ ಹೋಗುವುದು. ಕಾವಲು ಬೇಕಾಗಿರುವುದೇ ರಾತ್ರಿಗೆ.
* ಕರೆಂಟ್ ಹೋದಾಗಲೆಲ್ಲ ಡಿವಿಆರ್ ಆಫ್ ಆಗಿ ಆನ್ ಆಗುತ್ತಿದ್ದರೆ, ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಿ. ಪದೇ ಪದೇ ಹೀಗಾದರೆ ಹಾರ್ಡ್ ಡಿಸ್ಕ್ ಹಾಳಾಗುವ ಅಪಾಯವಿದೆ.
* ಕ್ಯಾಮೆರಾ ವೈರನ್ನು ನೇರವಾಗಿ ಬ್ಯಾಟರಿಗೆ ಕೊಡಬೇಡಿ. ಚಾರ್ಜ್ ಆಗುವಾಗ ಬ್ಯಾಟರಿಯ ವೋಲ್ಟೇಜ್ 14 ದಾಟಬಹುದು. ಬ್ಯಾಟರಿ ಬ್ಯಾಕಪ್ ಇರುವ ಸಿಸಿಟಿವಿ ಪವರ್ ಸಪ್ಲೈ ಬಳಸಿ.
* ಡಿವಿಆರ್ ಒಳಗಿನ ಸಣ್ಣ ಗುಂಡು ಸೆಲ್ ಮುಗಿದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ದಿನಾಂಕ, ಸಮಯ ತಪ್ಪಾಗುತ್ತದೆ. ಆಗ ಪೊಲೀಸರಿಗೆ ಕೊಡುವ ದೃಶ್ಯದ ಮೇಲೆ ಪ್ರಶ್ನೆ ಏಳುತ್ತದೆ.
* ಎಲೆಕ್ಟ್ರಿಕ್ ಮ್ಯಾಗ್ನೆಟ್ ಲಾಕ್ ಇರುವ ಬಾಗಿಲು ಕರೆಂಟ್ ಹೋದರೆ ತೆರೆದುಕೊಳ್ಳುತ್ತದೆ. ರಾತ್ರಿ ಮಾಮೂಲಿ ಬೀಗವೂ ಇರಲಿ.

ಕಾನೂನು ಏನು ಹೇಳುತ್ತದೆ?

ಸಾರ್ವಜನಿಕ ಸುರಕ್ಷತೆ ಕುರಿತ ರಾಜ್ಯದ 2017ರ ಕಾಯ್ದೆ ಪ್ರಕಾರ, ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರುವಂಥ ಸ್ಥಳಗಳಲ್ಲಿ ಸಿಸಿಟಿವಿ ಇರಬೇಕು, 30 ದಿನಗಳ ರೆಕಾರ್ಡಿಂಗ್ ಉಳಿಸಿಕೊಳ್ಳಬೇಕು. ಕಲ್ಯಾಣ ಮಂಟಪ, ದೊಡ್ಡ ಮಳಿಗೆಯವರು ಇದನ್ನು ಗಮನಿಸಬೇಕು.

ತಿಂಗಳಿಗೊಮ್ಮೆ ಪರೀಕ್ಷೆ

ಕತ್ತಲಾದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಒಂದು ಗಂಟೆ ಬಿಡಿ. ಆಮೇಲೆ ಆ ಒಂದು ಗಂಟೆಯ ರೆಕಾರ್ಡಿಂಗ್ ಹಾಕಿ ನೋಡಿ. ನಡುವೆ ಎಲ್ಲೂ ಕಡಿಯದೆ ಬಂದರೆ ಸರಿ. ಕಡಿದಿದ್ದರೆ ಯಾವುದೋ ಒಂದು ಪ್ಲಗ್ ಮಾಮೂಲಿ ಲೈನ್‌ನಲ್ಲಿದೆ ಅಥವಾ ಬ್ಯಾಟರಿ ವೀಕ್ ಆಗಿದೆ ಎಂದರ್ಥ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಇದೆಯೇ ಅಂತಲೂ ಅದೇ ದಿನ ನೋಡಿಬಿಡಿ. ವೈರಿಂಗ್ ಬದಲಿಸುವುದಿದ್ದರೆ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಹೇಳಿ.