ಬೆಂಕಿ ಅನಾಹುತ: ತುರ್ತು ಮಾಹಿತಿ ಹಾಗೂ ಸಂತ್ರಸ್ತರಿಗೆ ದೊರೆಯುವ ನೆರವು (ಟಿ.ಬಿ. ಡ್ಯಾಂ, ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ)

1. ಪೀಠಿಕೆ

ಸಂಡೂರಿನ ಸ್ವಾಮಿಮಲೈ ಅರಣ್ಯ, ದರೋಜಿ ಕರಡಿಧಾಮದ ಕುರುಚಲು ಕಾಡು ಹಾಗೂ ಹಂಪಿ ಸುತ್ತಲಿನ ಬಂಡೆಗುಡ್ಡಗಳ ಹುಲ್ಲು ಬೇಸಿಗೆಯಲ್ಲಿ ಒಣಗಿ ನಿಲ್ಲುತ್ತವೆ. ಕಂಪ್ಲಿ ಭಾಗದ ನೀರಾವರಿ ಜಮೀನುಗಳಲ್ಲಿ ಭತ್ತದ ಹುಲ್ಲು ಮತ್ತು ಕಬ್ಬಿನ ರವದಿಯೂ ಸುಲಭವಾಗಿ ಬೆಂಕಿಗೆ ತುತ್ತಾಗುತ್ತವೆ. ಗುಡ್ಡದಲ್ಲಿ ಅಥವಾ ಹೊಲದಲ್ಲಿ ಹತ್ತಿದ ಬೆಂಕಿಯು ಗಾಳಿಯ ದಿಕ್ಕಿನಲ್ಲಿ ಸಾಗಿ ಊರಂಚಿನ ಗುಡಿಸಲು, ದನದ ಕೊಟ್ಟಿಗೆ ಹಾಗೂ ಬಣವೆಗಳನ್ನು ತಲುಪುವ ಸಂಭವವಿರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಕಾಳ್ಗಿಚ್ಚನ್ನು ನಂದಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳನ್ನು ಬಳಸಬೇಕಾಯಿತು. ಆದ್ದರಿಂದ ಬೆಂಕಿ ಸಣ್ಣದಿರುವಾಗಲೇ ಮಾಹಿತಿ ನೀಡುವುದು ಅತ್ಯವಶ್ಯಕ.

ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ನೆರವು ನೀಡಬಹುದಾದ ವಿಪತ್ತುಗಳ ಪಟ್ಟಿಯಲ್ಲಿ ಪ್ರವಾಹ, ಬರಗಾಲಗಳಂತೆ ಬೆಂಕಿಯೂ ಸೇರಿದೆ. ಆದರೆ ನೆರವಿನ ಮೊತ್ತವು ಸ್ಥಳ ಮಹಜರಿನಲ್ಲಿ ದಾಖಲಾದ ನಷ್ಟವನ್ನು ಅವಲಂಬಿಸಿರುತ್ತದೆ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

2. ತುರ್ತು ದೂರವಾಣಿ ಸಂಖ್ಯೆಗಳು

ಏಕೀಕೃತ ತುರ್ತು ಸೇವೆ: 112
ಅಗ್ನಿಶಾಮಕ ಮತ್ತು ತುರ್ತು ಸೇವೆಗಳು: 101
ಆಂಬುಲೆನ್ಸ್: 108
ಜಿಲ್ಲಾ ನಿಯಂತ್ರಣ ಕೊಠಡಿ: 1077
ಅರಣ್ಯ ಸಹಾಯವಾಣಿ: 1926
ಜೆಸ್ಕಾಂ (ವಿದ್ಯುತ್): 1912

ಕರೆ ಮಾಡುವವರು ಮೊದಲು ತಾಲ್ಲೂಕು ಹಾಗೂ ಗ್ರಾಮದ ಹೆಸರನ್ನು, ಬಳಿಕ ಸಮೀಪದ ದೇವಸ್ಥಾನ, ಕಾಲುವೆ ಅಥವಾ ಶಾಲೆಯ ಗುರುತನ್ನು ತಿಳಿಸತಕ್ಕದ್ದು.

3. ಬೆಂಕಿ ಸಮೀಪಿಸಿದಾಗ ಅನುಸರಿಸಬೇಕಾದ ಕ್ರಮಗಳು

ಅ) ಮಕ್ಕಳು, ವೃದ್ಧರು ಹಾಗೂ ಅಸ್ವಸ್ಥರನ್ನು ಮೊದಲು ಸ್ಥಳಾಂತರಿಸುವುದು. ಗುಡ್ಡದಲ್ಲಿ ಬೆಂಕಿ ಮೇಲ್ಮುಖವಾಗಿ ವೇಗವಾಗಿ ಏರುವುದರಿಂದ ಇಳಿಜಾರಿನ ಮೇಲ್ಭಾಗಕ್ಕೆ ಓಡಬಾರದು.
ಆ) ದನಕರುಗಳ ಹಗ್ಗ ಬಿಚ್ಚಿ ಬಿಡುವುದು. ಕಟ್ಟಿದ ಜಾನುವಾರು ತಪ್ಪಿಸಿಕೊಳ್ಳಲಾರದು.
ಇ) ಸಾಧ್ಯವಿದ್ದಲ್ಲಿ ಅಡುಗೆ ಅನಿಲದ ಸಿಲಿಂಡರನ್ನು ಹೊರಗೆ ಸಾಗಿಸಿ, ವಿದ್ಯುತ್ ಮೈನ್ ಸ್ವಿಚ್ ಆರಿಸುವುದು. ಪ್ರವಾಹವಿರುವ ತಂತಿಯ ಮೇಲೆ ನೀರು ಹಾಕಬಾರದು.
ಈ) ಕಾಗದಪತ್ರ ಅಥವಾ ಹಣಕ್ಕಾಗಿ ಉರಿಯುವ ಮನೆಯೊಳಗೆ ಮರಳಿ ಹೋಗಬಾರದು. ಇವುಗಳನ್ನು ಮರಳಿ ಪಡೆಯುವ ವಿಧಾನವನ್ನು 8ನೇ ಕಂಡಿಕೆಯಲ್ಲಿ ವಿವರಿಸಲಾಗಿದೆ.

4. ಅರ್ಜಿ ಸಲ್ಲಿಸಬೇಕಾದ ಕಚೇರಿ

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಈ ಪ್ರದೇಶವು ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಟಿ.ಬಿ. ಡ್ಯಾಂ, ಹೊಸಪೇಟೆ, ಕಮಲಾಪುರ ಹಾಗೂ ಹಂಪಿ ನಿವಾಸಿಗಳು ವಿಜಯನಗರ ಜಿಲ್ಲೆಯ ಹೊಸಪೇಟೆ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸತಕ್ಕದ್ದು. ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದು, ಅಲ್ಲಿನವರು ಆಯಾ ತಾಲ್ಲೂಕಿನ ತಹಶೀಲ್ದಾರರನ್ನು ಸಂಪರ್ಕಿಸತಕ್ಕದ್ದು. ಬೆಂಕಿ ಸಂಭವಿಸಿದ ಸ್ಥಳವು ಯಾವ ತಾಲ್ಲೂಕಿನಲ್ಲಿದೆಯೋ ಆ ತಾಲ್ಲೂಕಿಗೇ ಅರ್ಜಿ ಸೇರಬೇಕು.

5. ಸ್ಥಳ ಮಹಜರು

ಘಟನೆಯನ್ನು ಕೂಡಲೇ ಗ್ರಾಮ ಆಡಳಿತಾಧಿಕಾರಿ ಅಥವಾ ಕಂದಾಯ ನಿರೀಕ್ಷಕರ ಗಮನಕ್ಕೆ ತರತಕ್ಕದ್ದು. ಮಹಜರು ಮುಗಿಯುವವರೆಗೆ ಸುಟ್ಟ ಸಾಮಗ್ರಿಯನ್ನಾಗಲಿ ಬೂದಿಯನ್ನಾಗಲಿ ತೆರವುಗೊಳಿಸಬಾರದು; ತೆರವಾದ ಮೇಲೆ ನಷ್ಟದ ಪ್ರಮಾಣವನ್ನು ಗುರುತಿಸುವುದು ಕಷ್ಟಸಾಧ್ಯ. ಸಾಧ್ಯವಿದ್ದಲ್ಲಿ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು. ಮೃತ ಜಾನುವಾರುಗಳನ್ನು ಪಶುವೈದ್ಯರು ಪರೀಕ್ಷಿಸಿ ಪ್ರಮಾಣಪತ್ರ ನೀಡುವವರೆಗೆ ಹೂಳಬಾರದು.

ಮಹಜರಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮುನ್ನ ಅದನ್ನು ಪೂರ್ತಿಯಾಗಿ ಓದಿಸಿ ಕೇಳತಕ್ಕದ್ದು. ಮನೆ, ಕೊಟ್ಟಿಗೆ, ಜಾನುವಾರು, ಬೆಳೆ, ಬಟ್ಟೆ ಹಾಗೂ ಪಾತ್ರೆಗಳ ನಷ್ಟ ಪ್ರತ್ಯೇಕವಾಗಿ ನಮೂದಾಗಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಬಾಡಿಗೆ ಮನೆ ಅಥವಾ ಇಲಾಖಾ ವಸತಿಗೃಹಗಳಲ್ಲಿ ವಾಸವಿರುವವರು ತಮ್ಮ ಗೃಹಸಾಮಗ್ರಿಯ ನಷ್ಟವನ್ನು ತಮ್ಮ ಹೆಸರಿನಲ್ಲಿಯೇ ದಾಖಲಿಸಿಕೊಳ್ಳುವುದು ಸೂಕ್ತ.

6. ನೆರವಿನ ದರಗಳು

ಕೇಂದ್ರ ಗೃಹ ಮಂತ್ರಾಲಯವು 2022–23ರಿಂದ 2025–26ರ ಅವಧಿಗೆ ನಿಗದಿಪಡಿಸಿದ ದರಗಳಲ್ಲಿ ಮುಖ್ಯವಾದವು ಈ ಕೆಳಕಂಡಂತಿವೆ. ಘಟನೆ ನಡೆದ ದಿನಾಂಕದಂದು ಜಾರಿಯಲ್ಲಿರುವ ದರವೇ ಅನ್ವಯವಾಗುವುದು.

ಪ್ರಾಣಹಾನಿ (ಮೃತರ ಕುಟುಂಬಕ್ಕೆ): ರೂ. 4,00,000/-
ತೀವ್ರ ಗಾಯ, ಒಂದು ವಾರಕ್ಕಿಂತ ಹೆಚ್ಚು ಒಳರೋಗಿ: ರೂ. 16,000/-
ತೀವ್ರ ಗಾಯ, ಒಂದು ವಾರಕ್ಕಿಂತ ಕಡಿಮೆ: ರೂ. 5,400/-
ಪೂರ್ಣ ಹಾನಿಗೊಂಡ ಮನೆ (ಬಯಲು ಪ್ರದೇಶ): ರೂ. 1,20,000/-
ಭಾಗಶಃ ಹಾನಿ (ಶೇ. 15ಕ್ಕೆ ಕಡಿಮೆ ಇಲ್ಲದಂತೆ), ಪಕ್ಕಾ ಮನೆ: ರೂ. 6,500/-, ಕಚ್ಚಾ ಮನೆ: ರೂ. 4,000/-
ಗುಡಿಸಲು: ರೂ. 8,000/-
ಮನೆಗೆ ಹೊಂದಿಕೊಂಡ ಕೊಟ್ಟಿಗೆ: ರೂ. 3,000/-
ಬಟ್ಟೆ, ಪ್ರತಿ ಕುಟುಂಬಕ್ಕೆ: ರೂ. 2,500/-
ಪಾತ್ರೆ ಮತ್ತು ಗೃಹಸಾಮಗ್ರಿ, ಪ್ರತಿ ಕುಟುಂಬಕ್ಕೆ: ರೂ. 2,500/-
ಹಸು, ಎಮ್ಮೆ: ರೂ. 37,500/- (3ರ ಮಿತಿ)
ಕುರಿ, ಮೇಕೆ: ರೂ. 4,000/- (30ರ ಮಿತಿ)
ಎತ್ತು: ರೂ. 32,000/- (3ರ ಮಿತಿ)
ಬೆಳೆ ಹಾನಿ, ಪ್ರತಿ ಹೆಕ್ಟೇರಿಗೆ: ಮಳೆಯಾಶ್ರಿತ ರೂ. 8,500/-, ನೀರಾವರಿ ರೂ. 17,000/-, ಬಹುವಾರ್ಷಿಕ ರೂ. 22,500/-

ಬೆಳೆ ನಷ್ಟವು ಶೇ. 33 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಮಾತ್ರ, ಗರಿಷ್ಠ 2 ಹೆಕ್ಟೇರಿಗೆ ಮಿತಿಗೊಳಿಸಿ ನೆರವು ದೊರೆಯುವುದು. ಆಯುಷ್ಮಾನ್ ಭಾರತ್ ಯೋಜನೆಯಡಿ ಚಿಕಿತ್ಸೆ ಪಡೆದವರಿಗೆ ಗಾಯದ ನೆರವು ಅನ್ವಯಿಸುವುದಿಲ್ಲ.

ಉದಾಹರಣೆ: ಒಂದು ಕುಟುಂಬದ ಗುಡಿಸಲು ಪೂರ್ಣ ಸುಟ್ಟು, ಒಂದು ಹಾಲು ಕೊಡುವ ಹಸು ಹಾಗೂ ಎರಡು ಮೇಕೆಗಳು ಸತ್ತಿವೆ ಎಂದು ಭಾವಿಸಿದಲ್ಲಿ, ಗುಡಿಸಲಿಗೆ 8,000, ಬಟ್ಟೆ ಮತ್ತು ಪಾತ್ರೆಗೆ 5,000, ಹಸುವಿಗೆ 37,500, ಮೇಕೆಗಳಿಗೆ 8,000, ಒಟ್ಟು ರೂ. 58,500/- ಆಗುವುದು. ಜಾನುವಾರುಗಳು ಮಹಜರಿನಲ್ಲಿ ಬಿಟ್ಟುಹೋದರೆ ಅದೇ ಕುಟುಂಬಕ್ಕೆ ರೂ. 13,000/- ಮಾತ್ರ ಲೆಕ್ಕಕ್ಕೆ ಬರುವುದು.

7. ಈ ಪಟ್ಟಿಯಲ್ಲಿ ಇಲ್ಲದ ನಷ್ಟಗಳು

ಬಣವೆ: ಮೇಲ್ಕಂಡ ಪಟ್ಟಿಯಲ್ಲಿ ಬಣವೆಗೆ ದರವಿರುವುದಿಲ್ಲ. ಆಕಸ್ಮಿಕ ಬೆಂಕಿಯಿಂದ ಬಣವೆ ಸುಟ್ಟಲ್ಲಿ ಕೃಷಿ ಇಲಾಖೆಯಿಂದ ಗರಿಷ್ಠ ರೂ. 20,000/-ವರೆಗೆ ಪರಿಹಾರಕ್ಕೆ ಅವಕಾಶವಿದ್ದು, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

ವಿದ್ಯುತ್ ಕಿಡಿ: ತಂತಿಯ ಕಿಡಿಯಿಂದ ಬೆಂಕಿ ತಗುಲಿದ್ದಲ್ಲಿ ಜೆಸ್ಕಾಂ ಶಾಖಾ ಕಚೇರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಪೊಲೀಸ್ ಹಾಗೂ ಅಗ್ನಿಶಾಮಕ ಠಾಣೆಯ ವರದಿಗಳಲ್ಲಿ ಕಾರಣ ನಮೂದಾಗಿರುವುದು ಅವಶ್ಯಕ.

ಬೆಳೆ ವಿಮೆ: ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಸ್ಥಳೀಯ ವಿಕೋಪಗಳಲ್ಲಿ ಸಿಡಿಲಿನಿಂದ ಉಂಟಾದ ಬೆಂಕಿ ಮಾತ್ರ ಸೇರಿದೆ. ಅಂತಹ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸತಕ್ಕದ್ದು.

8. ಸುಟ್ಟುಹೋದ ದಾಖಲೆ ಹಾಗೂ ನೋಟುಗಳು

ಪಹಣಿಯು ಭೂಮಿ ಗಣಕ ವ್ಯವಸ್ಥೆಯಲ್ಲಿ ಇರುವುದರಿಂದ ಕಾಗದ ಸುಟ್ಟರೂ ಹಕ್ಕಿಗೆ ಬಾಧಕವಿಲ್ಲ. ನಾಡಕಚೇರಿಯಲ್ಲಿ ಪ್ರತಿ ದೊರೆಯುವುದು. ಪಡಿತರ ಚೀಟಿಯ ನಕಲನ್ನು ಆಹಾರ ಇಲಾಖೆಯಿಂದ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ನಕಲನ್ನು ಓದಿದ ಶಾಲೆಯ ಮುಖಾಂತರ ಪಡೆಯಬಹುದು.

ತೀರಾ ಸುಟ್ಟು ಕರಕಲಾದ ನೋಟುಗಳನ್ನು ಬ್ಯಾಂಕ್ ಶಾಖೆಗಳು ಸ್ವೀಕರಿಸುವುದಿಲ್ಲ. ಅವುಗಳನ್ನು ಬಿಡಿಸದೆ, ಇದ್ದ ಸ್ಥಿತಿಯಲ್ಲಿಯೇ ಡಬ್ಬಿಯಲ್ಲಿಟ್ಟು ಬೆಂಗಳೂರಿನ ಭಾರತೀಯ ರಿಸರ್ವ್ ಬ್ಯಾಂಕ್ ಕಚೇರಿಗೆ ಒಪ್ಪಿಸಿದಲ್ಲಿ ನಿಯಮಾನುಸಾರ ಪರಿಶೀಲಿಸಲಾಗುವುದು. ಆದ್ದರಿಂದ ಕರಕಲು ನೋಟುಗಳನ್ನು ಎಸೆಯಬಾರದು.

9. ಮರುನಿರ್ಮಾಣ

ಸಂರಕ್ಷಿತ ಸ್ಮಾರಕಗಳಿಂದ 100 ಮೀಟರ್‌ವರೆಗಿನ ಪ್ರದೇಶವು ನಿಷೇಧಿತವೂ, ಅದರಿಂದಾಚೆಗಿನ 200 ಮೀಟರ್ ನಿಯಂತ್ರಿತವೂ ಆಗಿರುತ್ತದೆ. ಹಂಪಿ ಭಾಗದ ನಿವಾಸಿಗಳು ಸುಟ್ಟ ಮನೆಯನ್ನು ದುರಸ್ತಿಗೊಳಿಸುವ ಅಥವಾ ಕಟ್ಟುವ ಮುನ್ನ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ಅನುಮತಿಯ ಬಗ್ಗೆ ವಿಚಾರಿಸತಕ್ಕದ್ದು.

10. ಅರ್ಜಿಯೊಂದಿಗೆ ಲಗತ್ತಿಸಬೇಕಾದವು

ಆಧಾರ್ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ವಿವರ, ಛಾಯಾಚಿತ್ರಗಳು, ಅಗ್ನಿಶಾಮಕ ಠಾಣೆ ಅಥವಾ ಪೊಲೀಸ್ ವರದಿ, ಜಾನುವಾರು ಸತ್ತಿದ್ದಲ್ಲಿ ಪಶುವೈದ್ಯರ ಪ್ರಮಾಣಪತ್ರ, ಬೆಳೆ ನಷ್ಟವಿದ್ದಲ್ಲಿ ಪಹಣಿ ಮತ್ತು ಫ್ರೂಟ್ಸ್ ಗುರುತಿನ ಸಂಖ್ಯೆ. ಯಾವುದಾದರೂ ದಾಖಲೆ ಬೆಂಕಿಯಲ್ಲಿ ನಾಶವಾಗಿದ್ದಲ್ಲಿ ಅರ್ಜಿಯಲ್ಲಿ ಹಾಗೆಂದು ಬರೆಯತಕ್ಕದ್ದು. ದಾಖಲೆಗಾಗಿ ಕಾಯುತ್ತಾ ಅರ್ಜಿಯನ್ನು ತಡಮಾಡಬಾರದು.

ಸೂಚನೆ: ಹೊಸ ಹುಲ್ಲು ಚಿಗುರಲೆಂದು ಗುಡ್ಡಕ್ಕೆ ಬೆಂಕಿ ಇಡಬಾರದು. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಅನ್ವಯ ಅಪರಾಧವಾಗಿರುತ್ತದೆ. ಅರ್ಜಿದಾರರು ಅರ್ಜಿಯ ಸ್ವೀಕೃತಿ ಹಾಗೂ ಮಹಜರಿನ ಪ್ರತಿಯನ್ನು ತಪ್ಪದೆ ಪಡೆದು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.