ಹತ್ತು ಕೇರಿಯಿಂದ ಇಪ್ಪತ್ತಮೂರು ವಾರ್ಡಿಗೆ: ಗಡಿ ಬರೆಯುವವರ ಲೆಕ್ಕ

ಬಾರಕೂರಿಗೆ ಹೋದಾಗಲೆಲ್ಲ ನಂದು ಒಂದೇ ದಾರಿ. ಮಣಿಗಾರಕೇರಿಯ ಕತ್ತಲೆ ಬಸದಿ, ಕೋಟೆಕೇರಿಯ ಪಂಚಲಿಂಗೇಶ್ವರ, ಕೊನೆಗೆ ಚೌಳಿಕೇರಿಯ ಗಣಪತಿ. ಮೂರೂ ಹೆಸರಿನ ಬಾಲದಲ್ಲಿ 'ಕೇರಿ' ಇದೆ, ಗಮನಿಸಿ. ವಿಜಯನಗರ ಕಾಲದ ಶಾಸನಗಳಲ್ಲಿ ಬಾರಕೂರಿನ 'ಹತ್ತು ಕೇರಿ'ಯ ಮಾತು ಬರುತ್ತದೆ, ಜೊತೆಗೆ ಕೇರಿಯ 'ಹಲರು' ಬರುತ್ತಾರೆ. ಕುಂದಾಪುರದ ಪಕ್ಕದ ಬಸ್ರೂರಿನಲ್ಲೂ ಮೂಡುಕೇರಿ, ಪಡುವಕೇರಿಗಳಿಗೆ ಬೇರೆ ಬೇರೆ ಹಲರು. ಅಂದರೆ ಊರನ್ನು ಭಾಗ ಮಾಡಿ, ಭಾಗಕ್ಕೊಂದು ದನಿ ಕೊಡುವ ಪದ್ಧತಿ ನಮ್ಮ ಕರಾವಳಿಗೆ ಹೊಸದಲ್ಲ.

ಕಳೆದ ಸಲ ನಾನು ಕಲ್ಲಿನ ಮೇಲೆ ಟಾರ್ಚ್ ಓರೆಯಾಗಿ ಹಿಡಿದು ಅಕ್ಷರ ಹುಡುಕುತ್ತಿದ್ದಾಗ ಹಿರಿಯರೊಬ್ಬರು ಬಂದು, "ಎಂತ ಬರ್ದಿತ್ ಮರಾಯ್ರೆ ಅದ್ರಲ್ಲ್?" ಎಂದರು. ಮೂಡಲು ಇಂಥದ್ದು, ತೆಂಕಲು ಇಂಥದ್ದು ಅಂತ ದಾನದ ಭೂಮಿಯ ಗಡಿ ಹೇಳಿದೆ ಎಂದೆ. "ಹಂಗಾರೆ ವಾರ್ಡಿನ್ ಕಥಿಯೇ ಅಲ್ದಾ!" ಎಂದು ನಕ್ಕು ಹೋದರು. ಮನೆಗೆ ಬಂದು ಹಳೆಯದೊಂದು ವಾರ್ಡ್ ಅಧಿಸೂಚನೆ ತೆರೆದು ನೋಡಿದರೆ ಅವರ ಮಾತು ಅಕ್ಷರಶಃ ನಿಜ. ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ಇಂಥ ತೋಡು, ದಕ್ಷಿಣಕ್ಕೆ ಇಂಥವರ ಕಂಪೌಂಡು. ನಮ್ಮ ಶಾಸನಗಳ ಚತುಸ್ಸೀಮೆಯೇ ಇದು. ಕೊನೆಯ ಶಾಪಾಶಯ ಮಾತ್ರ ಇಲ್ಲ.

'ಕೇರಿ'ಗೆ ತಮಿಳಿನಲ್ಲಿ 'ಚೇರಿ' ಎಂಬ ಸಹೋದರ ಪದವಿದೆ. ಈ ವಿಷಯದ ಅತಿ ಪ್ರಸಿದ್ಧ ಶಾಸನಗಳಲ್ಲೂ ಅದು ಬರುತ್ತದೆ. ಕ್ರಿ.ಶ. 919 ಮತ್ತು 921ರ ಉತ್ತರಮೇರೂರು ಶಾಸನಗಳು, ಚೋಳ ಒಂದನೇ ಪರಾಂತಕನ ಕಾಲದವು. ಹನ್ನೆರಡು ಚೇರಿಗಳ ಆ ಊರಿನಲ್ಲಿ ಮೂವತ್ತು 'ಕುಡುಂಬು'ಗಳು. ಪ್ರತಿ ಕುಡುಂಬಿನ ಅರ್ಹರ ಹೆಸರನ್ನು ಓಲೆಯಲ್ಲಿ ಬರೆದು, ಕೊಡಕ್ಕೆ ಹಾಕಿ, ಚಿಕ್ಕ ಹುಡುಗನ ಕೈಯಲ್ಲಿ ಎತ್ತಿಸುತ್ತಿದ್ದರು. ವಯಸ್ಸು 35ರಿಂದ 70, ತೆರಿಗೆ ಕಟ್ಟುವ ಜಮೀನು, ಸ್ವಂತ ನಿವೇಶನದಲ್ಲಿ ಮನೆ, ವೇದಜ್ಞಾನ ಇವೆಲ್ಲ ಬೇಕು. ಲೆಕ್ಕ ಒಪ್ಪಿಸದವನಿಗೆ, ಅವನ ನೆಂಟರಿಗೂ ಜಾಗವಿಲ್ಲ. ಇದನ್ನು 'ಪ್ರಜಾಪ್ರಭುತ್ವ' ಎಂದು ಹೊಗಳುವವರು ಒಂದು ವಿಷಯ ಬಿಡುತ್ತಾರೆ: ಹೆಂಗಸರು, ಜಮೀನಿಲ್ಲದವರು ಈ ಅರ್ಹತೆಯ ಪಟ್ಟಿಗೇ ಬರುವುದಿಲ್ಲ. ಕುಡುಂಬಿನಲ್ಲಿ ಎಷ್ಟು ಜನ ಇರಬೇಕು ಎಂಬ ನಿಯಮವೂ ಅಲ್ಲಿಲ್ಲ. ಇಂದಿನ ವಾರ್ಡು ಕೇರಿಯಿಂದ ಬೇರೆಯಾಗುವುದು ಇಲ್ಲೇ. ಕೇರಿಯನ್ನು ನೆಲ, ಕಸುಬು, ಸಂಬಂಧಗಳು ಕಟ್ಟಿದವು. ವಾರ್ಡನ್ನು ತಲೆಯೆಣಿಕೆ ಕಟ್ಟಬೇಕು.

ಈಗ ನನ್ನ ಕಸುಬಿನ ಕಡೆಯಿಂದ ಸ್ವಲ್ಪ ಲೆಕ್ಕ. ಕುಂದಾಪುರ ಪುರಸಭೆಯಲ್ಲಿ 23 ವಾರ್ಡುಗಳು. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 30 ಸಾವಿರ ಚಿಲ್ಲರೆ. ಸರಾಸರಿ ವಾರ್ಡಿಗೆ 1,300 ಜನ. ಆದರೆ ಜನಗಣತಿಯ ಒಂದು ಬ್ಲಾಕಿನಲ್ಲೇ ಸಾಮಾನ್ಯವಾಗಿ 600ರಿಂದ 800 ಜನ ಇರುತ್ತಾರೆ. ಅಂದರೆ ಎರಡು ಬ್ಲಾಕ್ ಸೇರಿದರೆ ಒಂದು ವಾರ್ಡು! 700 ಜನರ ಒಂದು ಬ್ಲಾಕನ್ನು ಈ ಕಡೆಯಿಂದ ಆ ಕಡೆಗೆ ಹಾಕಿದರೆ ಒಂದು ವಾರ್ಡು 2,000 ಆಗುತ್ತದೆ, ಪಕ್ಕದ್ದು 600ಕ್ಕೆ ಇಳಿಯುತ್ತದೆ. ಇಬ್ಬರಿಗೂ ಕೌನ್ಸಿಲರ್ ಒಬ್ಬರೇ. ಅಲ್ಲಿಗೆ ಒಂದು ಕಡೆಯ ಮತದ ತೂಕ ಇನ್ನೊಂದು ಕಡೆಯದಕ್ಕಿಂತ ಮೂರು ಪಟ್ಟು ಹೆಚ್ಚು. ಬೆಂಗಳೂರಿನಲ್ಲಿ ಹೀಗಲ್ಲ. 2022ರಲ್ಲಿ ಅಲ್ಲಿ 198 ವಾರ್ಡುಗಳನ್ನು 243 ಮಾಡಿದಾಗ, 2011ರ ಲೆಕ್ಕದಲ್ಲಿ ಸರಾಸರಿ ಸುಮಾರು 34,700 ಜನ. ಒಂದು ಬ್ಲಾಕ್ ಅತ್ತಿತ್ತ ಆದರೆ ನೂರಕ್ಕೆ ಎರಡರ ವ್ಯತ್ಯಾಸ ಅಷ್ಟೆ. ಊರು ಸಣ್ಣದಾದಷ್ಟೂ ಗೆರೆ ಹೆಚ್ಚು ಜಾಗ್ರತೆಯಿಂದ ಎಳೆಯಬೇಕು ಎನ್ನುವುದು ಇದಕ್ಕೇ.

ಸಂಖ್ಯೆ ಸಮ ಆದರೆ ಸಾಕೇ? ಅದೂ ಇಲ್ಲ. ಕುಂದಾಪುರದ ವಾರ್ಡುಗಳ ಹೆಸರು ನೋಡಿ: ಖಾರ್ವಿಕೇರಿ, ಮದ್ದುಗುಡ್ಡೆ, ಚಿಕ್ಕನ್‌ಸಾಲು ಎಡಬದಿ, ಚಿಕ್ಕನ್‌ಸಾಲು ಬಲಬದಿ, ಕೋಡಿ ಉತ್ತರ, ಕೋಡಿ ಮಧ್ಯ, ಕೋಡಿ ದಕ್ಷಿಣ. ಎಡಬದಿ-ಬಲಬದಿ ಕೇಳಿದರೆ ಮೂಡುಕೇರಿ-ಪಡುವಕೇರಿ ನೆನಪಾಗುವುದಿಲ್ಲವೇ? ಕೋಡಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು. ಲೆಕ್ಕ ಸರಿಮಾಡಲಿಕ್ಕೆ ನೀರಾಚೆಯ ನಾಲ್ಕು ಮನೆ ಸೇರಿಸಿದರೆ ಕಾಗದದಲ್ಲಿ ಸರಿ, ಚರಂಡಿ ಕೆಲಸ ಕೇಳಲು ಹೋಗುವವರಿಗೆ ಕಷ್ಟ. ಇನ್ನೊಂದು ಕೈಚಳಕವೂ ಇದೆ. ಒಂದು ಮೀನುಗಾರ ಕೇರಿಯನ್ನು ಮೂರು ವಾರ್ಡಿಗೆ ಹಂಚಿದಿರಿ ಅಂತಿಟ್ಟುಕೊಳ್ಳಿ; ಎಲ್ಲ ಕಡೆಯೂ ಅವರು ಅಲ್ಪಸಂಖ್ಯಾತರು. ಎರಡು ಕೇರಿಯವರನ್ನು ಒಂದೇ ವಾರ್ಡಿಗೆ ತುರುಕಿದರೆ, ಎರಡು ಸ್ಥಾನ ಸಿಗುವಲ್ಲಿ ಒಂದೇ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1812ರಲ್ಲೇ ಗವರ್ನರ್ ಗೆರಿಯ ಕಾಲದ ಇಂಥ ನಕ್ಷೆಗೆ ಪತ್ರಿಕೆಗಳು 'ಗೆರಿಮ್ಯಾಂಡರ್' ಎಂದು ಹೆಸರಿಟ್ಟವು.

ಗಡಿಯ ಒಳಗೆ ಯಾರು ಬರಬೇಕು ಎನ್ನುವ ತಕರಾರೂ ಇದೆ. ಬೈಂದೂರು ಪಟ್ಟಣ ಪಂಚಾಯತ್ ಆದ ಮೇಲೆ, ಅದರೊಳಗೆ ಸೇರಿದ ಹಳ್ಳಿ ಭಾಗದ ಕೃಷಿಕರು 'ನಮ್ಮನ್ನು ಕೈಬಿಡಿ' ಎಂದು ಕೇಳಿದ್ದು ಇದೇ ಪ್ರಶ್ನೆ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದ ಮೇಲೆ ವಾರ್ಡುಗಳಿಂದ ನೇರ ಚುನಾವಣೆ ಕಡ್ಡಾಯ. ಆದರೆ ಗಡಿ ಎಳೆಯುವುದು ರಾಜ್ಯ ಸರ್ಕಾರ. ವಾರ್ಡು ವಿಂಗಡಣೆಯ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾದಿಯನ್ನು 243ಝಡ್‌ಜಿ ವಿಧಿ ಕಿರಿದು ಮಾಡಿದೆ. ಹಾಗಾಗಿ ನಮ್ಮ ಕೈಯಲ್ಲಿ ಗಟ್ಟಿಯಾಗಿ ಉಳಿಯುವುದು ಕರಡು ಪ್ರಕಟವಾಗಿ ಆಕ್ಷೇಪಣೆ ಕರೆಯುವ ಆ ಕೆಲವು ದಿನಗಳು. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಗಿದೆ. ಹೊಸ ಅಂಕಿ ಬಂದ ಮೇಲೆ ಗೆರೆಗಳು ಮತ್ತೆ ಅಲುಗಾಡುತ್ತವೆ.

ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲು ಹುಡುಕಿ ಗದ್ದೆ ಬದುವಿನಲ್ಲಿ ಅಲೆಯುವ ನಮ್ಮಂಥವರಿಗೆ ಇಲ್ಲೊಂದು ಕೆಲಸವಿದೆ. ಕರಡು ಬಂದ ದಿನ ನಿಮ್ಮ ವಾರ್ಡಿನ ಚತುಸ್ಸೀಮೆ ಪ್ರಿಂಟ್ ತೆಗೆದು, ಗಡಿಗುಂಟ ಒಮ್ಮೆ ನಡೆಯಿರಿ. ಬಿಟ್ಟುಹೋದ ಮನೆ, ತಪ್ಪಿದ ತೋಡು, ಬ್ಲಾಕಿನ ಜನಸಂಖ್ಯೆ ಬರೆದುಕೊಳ್ಳಿ. ಸಹಿ ಹಾಕಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಸವೆದ ಅಕ್ಷರ ಓದಿ ಅಭ್ಯಾಸವಾದ ಕಣ್ಣಿಗೆ ಇದು ಕಷ್ಟವೇನಲ್ಲ.